ಗೋಧಿ ಹುಲ್ಲಿನ ಕಪ್ಪು ನೀರು

ಬೈಸಾಖಿ ಕಳೆದು ಹದಿನೈದು ದಿನವಾಗುವ ಹೊತ್ತಿಗೆ ಪಂಜಾಬಿನ ಮಾಲ್ವಾ ಸೀಮೆಯ ರಸ್ತೆಗಳು ಇಕ್ಕಟ್ಟಾಗುತ್ತವೆ. ಬಠಿಂಡಾದಿಂದ ಮುಕ್ತಸರದ ಕಡೆ ಹೊರಟರೆ, ಎದುರಿಗೆ ಬರುತ್ತಿರುವುದು ಟ್ರ್ಯಾಕ್ಟರ್ ಎಂದು ತಿಳಿಯುವುದು ಅದರ ಸದ್ದಿನಿಂದ ಮಾತ್ರ. ಕಣ್ಣಿಗೆ ಬೀಳುವುದು ಗೋಣಿತಟ್ಟು ಹೊಲಿದು ಮಾಡಿದ ಭಾರಿ ಚೀಲ. ಟ್ರಾಲಿಯ ಎರಡೂ ಬದಿಗೆ ಉಬ್ಬಿಕೊಂಡು, ಅರ್ಧಕ್ಕಿಂತ ಹೆಚ್ಚು ರಸ್ತೆ ನುಂಗಿ, ತೂಗಾಡುತ್ತ ಬರುತ್ತದೆ. ಒಳಗಿರುವುದು ತೂಡಿ. ಗೋಧಿ ಹುಲ್ಲನ್ನು ಬೆರಳ ಗೆಣ್ಣಿನುದ್ದಕ್ಕೆ ಕತ್ತರಿಸಿದ ಹೊಟ್ಟಿಗೆ ಅಲ್ಲಿಯ ರೈತರು ಇಟ್ಟ ಹೆಸರು ಅದು. ಹೊಲಿಗೆ ಬಿಟ್ಟಲ್ಲಿಂದ ಉದುರುವ ಹೊಂಬಣ್ಣದ ಚೂರು ಹಿಂದೆ ಬರುವ ಬೈಕಿನವರ ಪಗಡಿಯ ಮೇಲೂ ಹುಬ್ಬಿನ ಮೇಲೂ ಕೂರುತ್ತದೆ. ಯಾರೂ ಬೈಯುವುದಿಲ್ಲ. ಸುಗ್ಗಿಯ ದೂಳು ಎಂದು ಒರೆಸಿಕೊಂಡು ಮುಂದೆ ಹೋಗುತ್ತಾರೆ.

ಹೊಲದಲ್ಲಿ ಕಂಬೈನ್ ಯಂತ್ರ ತೆನೆಯನ್ನು ಮಾತ್ರ ಕತ್ತರಿಸಿಕೊಂಡು ಹೋಗಿರುತ್ತದೆ. ಮೊಣಕಾಲೆತ್ತರದ ಕೂಳೆ ನಿಂತಲ್ಲೇ ಒಣಗುತ್ತದೆ. ಅದರ ಬೆನ್ನಿಗೆ ಹುಲ್ಲು ಕೊಯ್ಯುವ ಇನ್ನೊಂದು ಯಂತ್ರ ಬರುತ್ತದೆ. ಅದು ಕೂಳೆ ಕೊಯ್ದು, ಬಿದ್ದ ಹುಲ್ಲನ್ನು ಎಳೆದುಕೊಂಡು, ಹಲ್ಲಿನ ಉರುಳೆಗಳ ನಡುವೆ ಚೂರು ಮಾಡಿ, ಹಿಂದೆ ಕಟ್ಟಿದ ಬಲೆಯ ಟ್ರಾಲಿಗೆ ಊದುತ್ತದೆ. ಒಂದು ಹೊಲದಲ್ಲಿ ಆ ಯಂತ್ರ ಓಡುತ್ತಿದ್ದರೆ ಮೂರು ಹೊಲದಾಚೆಗೂ ಆಕಾಶ ಮಂಕು. ಅಕ್ಟೋಬರ್, ನವೆಂಬರಿನಲ್ಲಿ ದೆಹಲಿಯ ಉಸಿರು ಕಟ್ಟಿಸುವ ಹೊಗೆ ಭತ್ತದ ಕೂಳೆಯದು. ಗೋಧಿಯ ಕೂಳೆಗೂ ಅಲ್ಲಲ್ಲಿ ಬೆಂಕಿ ಬೀಳುತ್ತದೆ, ಇಲ್ಲವೆನ್ನಲಾಗದು. ಆದರೆ ಗೋಧಿ ಹುಲ್ಲಿಗೆ ಬೆಲೆ ಉಂಟು, ತಿನ್ನುವ ಬಾಯಿಗಳೂ ಉಂಟು. ನಮ್ಮ ಬಯಲುಸೀಮೆಯ ಎತ್ತಿಗೆ ಜೋಳದ ಕಣಕಿ ಹೇಗೋ, ಪಂಜಾಬಿನ ಎಮ್ಮೆಗೆ ತೂಡಿ ಹಾಗೆ. ಹಸಿಮೇವಿನೊಂದಿಗೆ ಕಲಸಿ ಇಟ್ಟರೆ ವರ್ಷವಿಡೀ ಹಾಲು. ಅದಕ್ಕೇ ಊರೂರಿನ ಅಂಚಿನಲ್ಲಿ ಕುಪ್ಪಗಳು ಎದ್ದು ನಿಂತಿರುತ್ತವೆ. ಹೊಟ್ಟನ್ನು ಗುಮ್ಮಟದಂತೆ ಒಟ್ಟಿ, ಮೇಲೆ ಹುಲ್ಲು ಹೊದಿಸಿ, ಹಗ್ಗ ಸುತ್ತಿ ಮಳೆಗೆ ಭದ್ರ ಮಾಡಿದ ಬಣವೆಗಳು ಅವು.

ಈ ಮೇವಿಗೆ ಎಮ್ಮೆಯೊಂದಿಗೆ ಪೈಪೋಟಿಗಿಳಿದಿರುವವರು ಹಲವರು. ಇಟ್ಟಿಗೆ ಭಟ್ಟಿಯವರು ಉರಿಸಲು ಒಯ್ಯುತ್ತಾರೆ. ಬಟನ್ ಅಣಬೆ ಬೆಳೆಯುವವರು ಕೋಳಿಗೊಬ್ಬರ ಬೆರೆಸಿ ಕೊಳೆಹಾಕಲು ಒಯ್ಯುತ್ತಾರೆ. ಎಲ್ಲರಿಗಿಂತ ದೊಡ್ಡ ಬಾಯಿ ಕಾಗದದ ಗಿರಣಿಯದು. 2022ರ ಮಾರ್ಚಿನಲ್ಲಿ ಅಕಾಲದ ಬಿಸಿಗಾಳಿ ಬೀಸಿ ಗೋಧಿ ಕಾಳು ಸೊರಗಿದಾಗ ಹೊಟ್ಟಿನ ಬೆಲೆ ಏರಿತು. ಪಕ್ಕದ ಹರಿಯಾಣದ ಕೆಲವು ಜಿಲ್ಲೆಗಳಲ್ಲಿ ಅದನ್ನು ಹೊರಗೆ ಸಾಗಿಸದಂತೆ ಅಧಿಕಾರಿಗಳು ಆದೇಶ ಹೊರಡಿಸಬೇಕಾಯಿತು. ಕೃಷಿತ್ಯಾಜ್ಯ ಎಂದು ನಾವು ಬರೆದುಬಿಡುವುದು ಹಟ್ಟಿಯಲ್ಲಿ ನಿಂತ ಎಮ್ಮೆಯ ಊಟ ಎಂಬುದನ್ನು ಗಿರಣಿಯ ಗೇಟು ದಾಟುವ ಮೊದಲು ನೆನಪಿಟ್ಟುಕೊಳ್ಳಬೇಕು.

ನಾನು ಹೋದದ್ದು ಆ ಸೀಮೆಯ ಒಂದು ಗಿರಣಿಗೆ. ಗೇಟಿನಲ್ಲೇ ಬೀಡಿ, ಬೆಂಕಿಪೊಟ್ಟಣ ಕಸಿದುಕೊಳ್ಳುತ್ತಾರೆ. ಗೋಧಿ ಹುಲ್ಲು ಬರುವುದು ವರ್ಷಕ್ಕೊಂದೇ ಸಲ, ಏಪ್ರಿಲಿನಿಂದ ಜೂನಿನೊಳಗೆ. ಅದನ್ನು ಬೇಯಿಸುವ ಡೈಜೆಸ್ಟರ್ ಮಾತ್ರ ವರ್ಷವೆಲ್ಲ ಉಣ್ಣುತ್ತದೆ. ಹೀಗಾಗಿ ಅಂಗಳದ ತುಂಬ ಮೂರಂತಸ್ತಿನ ಮನೆಯೆತ್ತರದ ರಾಶಿಗಳು, ನಡುವೆ ಬೆಂಕಿ ಹಾರದಿರಲೆಂದು ಬಿಟ್ಟ ಅಗಲ ದಾರಿ, ದಾರಿಯುದ್ದಕ್ಕೂ ಕೆಂಪು ಬಣ್ಣದ ನೀರಿನ ಕೊಳವೆ. ಬಿಸಿಲು ನೆತ್ತಿಗೇರಿದಾಗ ಈ ರಾಶಿಗಳ ನಡುವೆ ನಿಂತರೆ ಒಣಹುಲ್ಲಿನ ಸಿಹಿವಾಸನೆ ಮೂಗಿಗೆ ತುಂಬುತ್ತದೆ, ಗಂಟಲು ಕೆರೆಯುತ್ತದೆ. ಮುಖಕ್ಕೆ ಬಟ್ಟೆ ಸುತ್ತಿದ ಬಿಹಾರದ ಹುಡುಗರು ಕವೆಗೋಲಿನಲ್ಲಿ ಹೊಟ್ಟನ್ನು ಸಾಗಣೆಪಟ್ಟಿಯ ಮೇಲೆ ತಳ್ಳುತ್ತಾರೆ. ಸಂಜೆ ಅವರು ಕೈಕಾಲು ತೊಳೆಯುವ ನಲ್ಲಿಯ ಬುಡದಲ್ಲಿ ಬಂಗಾರದ ಬಣ್ಣದ ಕೆಸರು.

ಮೊದಲ ಕೆಲಸ ತೊಳೆಯುವುದು. ಹೊಲದ ಮಣ್ಣು, ಮರಳು, ಎಲೆಯ ಪುಡಿ, ಉಳಿದ ಕಾಳು ಎಲ್ಲ ಹುಲ್ಲಿನ ಜೊತೆಗೇ ಬಂದಿರುತ್ತವೆ. ದೊಡ್ಡ ತೊಟ್ಟಿಯಲ್ಲಿ ನೀರಿನೊಂದಿಗೆ ಗಿರಗಿರ ತಿರುಗಿಸಿ, ಕಲ್ಲುಮಣ್ಣು ತಳಕ್ಕಿಳಿಸಿ, ಹಿಂಡಿ ಮೇಲೆತ್ತುತ್ತಾರೆ. ಇಲ್ಲಿ ಸೋಮಾರಿತನ ಮಾಡಿದರೆ ಅದರ ಬಡ್ಡಿಯನ್ನು ಮುಂದಿನ ಪ್ರತಿ ಹಂತದಲ್ಲೂ ಕಟ್ಟಬೇಕಾಗುತ್ತದೆ. ತೊಳೆದ ಹುಲ್ಲು ಅಡ್ಡ ಮಲಗಿದ ಉಕ್ಕಿನ ಕೊಳವೆಗಳೊಳಗೆ ಹೋಗುತ್ತದೆ. ಒಳಗೆ ಕಾಸ್ಟಿಕ್ ಸೋಡಾ, ಹಬೆ, 160 ಡಿಗ್ರಿಯ ಆಸುಪಾಸಿನ ಕಾವು. ಮರದ ಚಕ್ಕೆಯಾದರೆ ಗಂಟೆಗಟ್ಟಲೆ ಬೇಯಬೇಕು, ಹುಲ್ಲು ನಿಮಿಷಗಳಲ್ಲಿ ಸೋಲುತ್ತದೆ. ಅದರ ಮೈಯಲ್ಲಿ ಲಿಗ್ನಿನ್ ಎಂಬ ಅಂಟು ಮರದಲ್ಲಿರುವುದಕ್ಕಿಂತ ಕಡಿಮೆ, ನೂರಕ್ಕೆ 15ರಿಂದ 20 ಪಾಲು. ಅಂಟು ಕರಗಿ ಬಿಟ್ಟುಕೊಂಡ ನಾರೇ ಕಾಗದದ ತಿರುಳು. ಒಂದು ಟನ್ ತಿರುಳಿಗೆ ಎರಡು ಟನ್ನಿಗೂ ಹೆಚ್ಚು ಹುಲ್ಲು ಬೇಕು. ಉಳಿದ ಪಾಲು ಎಲ್ಲಿ ಹೋಯಿತು ಎಂದು ಕೇಳಿದರೆ, ಉತ್ತರ ತೊಳೆಯುವ ಪೀಪಾಯಿಗಳ ಸಾಲಿನಲ್ಲಿದೆ.

ಆ ಪೀಪಾಯಿಗಳು ನಿಧಾನವಾಗಿ ಉರುಳುತ್ತವೆ. ಒಳಗಿನಿಂದ ಗಾಳಿ ಹೀರುತ್ತದೆ, ಮೇಲೆ ಕಂದು ತಿರುಳಿನ ಹಾಳೆ ಕೂರುತ್ತದೆ, ಅದರ ಮೇಲೆ ಬಿಸಿನೀರಿನ ಸೋನೆ. ಒಂದರಿಂದ ಇನ್ನೊಂದಕ್ಕೆ ದಾಟಿದಂತೆ ತಿರುಳು ತಿಳಿಯಾಗುತ್ತದೆ, ಅದಕ್ಕೆ ಎದುರಾಗಿ ಹಿಂದಕ್ಕೆ ಹರಿಯುವ ನೀರು ಕಪ್ಪಾಗುತ್ತದೆ. ನೀರು ಕೊನೆಗೆ ಸೇರುವ ತೊಟ್ಟಿಯಲ್ಲಿ ನೊರೆಯ ಕೆಳಗೆ ಹೊಳೆಯುವ ದ್ರವಕ್ಕೆ ಕಾಕಂಬಿಯ ಬಣ್ಣ. ಗಿರಣಿಯವರು ಇದನ್ನು ಬ್ಲ್ಯಾಕ್ ಲಿಕರ್ ಎನ್ನುತ್ತಾರೆ. ಕರಗಿದ ಲಿಗ್ನಿನ್ನು, ಹುಲ್ಲಿನ ಸಕ್ಕರೆಗಳು, ಹಾಕಿದ ಸೋಡಾ ಎಲ್ಲ ಇದರೊಳಗಿವೆ. ಒಂದು ಟನ್ ತಿರುಳು ಬಂದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಘನ ಈ ನೀರಿಗೆ ಸೇರಿಕೊಂಡಿರುತ್ತದೆ. ಅತ್ತ ಕಾಗದದ ಯಂತ್ರದ ತುದಿಯಲ್ಲಿ ಬಿಳಿಹಾಳೆಯ ಸುರುಳಿ ಸುತ್ತಿಕೊಳ್ಳುವುದನ್ನು ನೋಡಲು ಬಂದವರೆಲ್ಲ ಇಷ್ಟಪಡುತ್ತಾರೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆನಿಸಲಿಲ್ಲ. ಗಿರಣಿಯ ನಡತೆ ತಿಳಿಯಬೇಕಾದರೆ ಕಪ್ಪು ನೀರಿನ ಹಿಂದೆ ಹೋಗಬೇಕು.

ಅದರ ಹಿಂದೆ ನನ್ನನ್ನು ಕರೆದೊಯ್ದವರು ಭದ್ರಾವತಿಯ ಕಡೆಯವರು. ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಬಂದವರು, ಸೋಡಾ ಮರಳಿ ಪಡೆಯುವ ರಿಕವರಿ ವಿಭಾಗದ ಉಸ್ತುವಾರಿ. ಬಿದಿರನ್ನೂ ಕಬ್ಬಿನ ಸಿಪ್ಪೆಯನ್ನೂ ಬೇಯಿಸಿ ಪಳಗಿದ ಕೈ. ಕನ್ನಡ ಕಿವಿಗೆ ಬಿದ್ದದ್ದೇ ಅವರ ನಡಿಗೆ ಚುರುಕಾಯಿತು.

“ಹುಲ್ಲು ಬೇಯಿಸೋದು ಯಾರಿಗೆ ಬೇಕಾದ್ರೂ ಬರುತ್ತೆ ಸಾರ್. ಬೇಯಿಸಿದ ನೀರು ಏನ್ಮಾಡ್ತೀರಿ ಅಂತ ಕೇಳಿ, ಆವಾಗ ಗೊತ್ತಾಗುತ್ತೆ ಯಾರು ಎಂಥ ಗಿರಣಿ ನಡೆಸ್ತಾರೆ ಅಂತ.”

ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮೀರಿದ ವಯಸ್ಸು. 1800ರಲ್ಲಿ ಲಂಡನ್ನಿನ ಮ್ಯಾಥಿಯಾಸ್ ಕೂಪ್ಸ್ ಹುಲ್ಲಿನಿಂದ ಮಾಡಿದ ಕಾಗದದ ಮೇಲೆಯೇ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಚಿಂದಿಬಟ್ಟೆ ಸಿಗದೆ ಯುರೋಪಿನ ಕಾಗದದವರು ಪರದಾಡುತ್ತಿದ್ದ ಕಾಲ ಅದು. ಅವನ ಉದ್ದಿಮೆ ಕೆಲವೇ ವರ್ಷಗಳಲ್ಲಿ ದಿವಾಳಿಯಾಯಿತು, ಹುಲ್ಲು ಉಳಿಯಿತು. ಮುಂದೆ ನೆದರ್ಲ್ಯಾಂಡ್ಸಿನ ಗ್ರೋನಿಂಗನ್ ಪ್ರಾಂತ್ಯದಲ್ಲಿ, ಧಾನ್ಯ ಬೆಳೆಯುವ ರೈತರ ಹುಲ್ಲನ್ನೇ ನಂಬಿ ರಟ್ಟಿನ ಕಾರ್ಖಾನೆಗಳು ಸಾಲುಗಟ್ಟಿದವು. ಗುಂಡನೆಯ ದೊಡ್ಡ ಹಂಡೆಗಳಲ್ಲಿ ಸುಣ್ಣ ಹಾಕಿ ಹಬೆಯಲ್ಲಿ ಹುಲ್ಲು ಬೇಯಿಸುತ್ತಿದ್ದರು. ರಟ್ಟು ಹಡಗೇರಿ ಇಂಗ್ಲೆಂಡಿಗೆ ಹೋಯಿತು, ಬೇಯಿಸಿದ ನೀರು ಊರ ಕಾಲುವೆಗೆ ಹೋಯಿತು. ಕಾಲುವೆಯಲ್ಲಿ ಮನೆಯ ಹೊಸ್ತಿಲವರೆಗೆ ನೊರೆ, ಕೊಳೆತ ಮೊಟ್ಟೆಯ ನಾತ, ಆ ಗಾಳಿಗೆ ಮನೆಯೊಳಗಿನ ಬೆಳ್ಳಿ ಸಾಮಾನು ಕಪ್ಪಿಡುತ್ತಿತ್ತು. 1960ರ ದಶಕದ ಕೊನೆಗೆ ಆ ಉದ್ದಿಮೆ ಮುಗಿಯಿತು. ಸ್ಖೇಮ್ಡಾ ಊರಿನಲ್ಲಿ ಅಂಥ ಒಂದು ಕಾರ್ಖಾನೆಯ ಇಟ್ಟಿಗೆ ಕಟ್ಟಡವನ್ನು ಸ್ಮಾರಕವೆಂದು ಉಳಿಸಿಕೊಂಡಿದ್ದಾರೆ.

ಚೀನಾದಲ್ಲಿ ಅದೇ ಕಥೆ, ಎಷ್ಟೋ ಪಟ್ಟು ದೊಡ್ಡದು. ಹುವಾಯ್ ನದಿಯ ದಂಡೆಗಳಲ್ಲಿ ಗೋಧಿ ಹುಲ್ಲಿನ ಸಣ್ಣ ಸಣ್ಣ ಗಿರಣಿಗಳು ಸಾವಿರಗಟ್ಟಲೆ ಹುಟ್ಟಿದ್ದವು. 1994ರ ಜುಲೈನಲ್ಲಿ ಮೇಲಿನ ಅಣೆಕಟ್ಟುಗಳ ಹಿಂದೆ ಕಟ್ಟಿಕೊಂಡಿದ್ದ ಕೊಳಕೆಲ್ಲ ಒಮ್ಮೆಗೇ ಹರಿದು ಬಂದು, ಮೀನು ಸತ್ತು, ಊರುಗಳ ಕುಡಿಯುವ ನೀರು ನಿಂತಿತು. ಎರಡು ವರ್ಷದಲ್ಲಿ ಸರ್ಕಾರ, ವರ್ಷಕ್ಕೆ 5,000 ಟನ್ನಿಗಿಂತ ಕಡಿಮೆ ತಿರುಳು ಮಾಡುವ ಗಿರಣಿಗಳನ್ನು ಮುಚ್ಚಿಸಲು ಹೊರಟಿತು. ಸುಮಾರು ಒಂದು ಸಾವಿರ ಗಿರಣಿಗಳ ಬಾಗಿಲು ಬಿತ್ತು.

ನಮ್ಮಲ್ಲಿ? 1970ರ ದಶಕದ ಕಾಗದದ ಬರದಲ್ಲಿ, ಪರದೇಶದ ಹಳೆಯ ಯಂತ್ರ ತಂದು ಸಣ್ಣ ಗಿರಣಿ ಹಾಕುವವರಿಗೆ ಸರ್ಕಾರ ರಿಯಾಯಿತಿ ಕೊಟ್ಟಿತು. ದಾಂಡೇಲಿಯಂಥ ಕಡೆ ಕಾಡಿನ ಬಿದಿರು ನಂಬಿದ ದೊಡ್ಡ ಕಾರ್ಖಾನೆಗಳಿದ್ದವು. ಪಂಜಾಬ್, ಮುಜಫ್ಫರನಗರ, ಸಹಾರನ್‌ಪುರದ ಕಡೆ ಕಾಡಿಲ್ಲ, ಹುಲ್ಲು ಮತ್ತು ಕಬ್ಬಿನ ಸಿಪ್ಪೆ ಇತ್ತು. ಅದು ಸರಿಯಾದ ಯೋಚನೆಯೇ. ಮರ ಕಡಿಯದೆ ಹೊಲದ ಉಳಿಕೆಯಿಂದ ಮಕ್ಕಳಿಗೆ ನೋಟ್‌ಬುಕ್ ಸಿಗಬೇಕೆಂಬ ಆಸೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ತಪ್ಪಿದ್ದು ಲೆಕ್ಕದ ಇನ್ನೊಂದು ಬದಿಯಲ್ಲಿ. ಕಪ್ಪು ನೀರಿನಿಂದ ಸೋಡಾ ಮರಳಿ ಪಡೆಯುವ ಸ್ಥಾವರಕ್ಕೆ ಇಡೀ ಗಿರಣಿಯಷ್ಟೇ ದುಡ್ಡು ಬೇಕು. ದಿನಕ್ಕೆ ಇಪ್ಪತ್ತು ಮೂವತ್ತು ಟನ್ ಕಾಗದ ಮಾಡುವವನಿಗೆ ಅದು ಎಟುಕದು. ಹಾಗಾಗಿ ದಶಕಗಳ ಕಾಲ ಆ ನೀರು ಹಳ್ಳ ಹಿಡಿದು ಉತ್ತರ ಪ್ರದೇಶದ ಕಾಳಿ, ಹಿಂಡನ್, ರಾಮಗಂಗಾ ನದಿಗಳನ್ನು ಸೇರಿತು. ಒಂದು ಟನ್ ಕಾಗದಕ್ಕೆ ಇನ್ನೂರು ಘನ ಮೀಟರ್, ಅಂದರೆ ಎರಡು ಲಕ್ಷ ಲೀಟರ್ ನೀರು ಬಳಸಿ ಚೆಲ್ಲುತ್ತಿದ್ದ ಗಿರಣಿಗಳಿದ್ದವು. ಅಗ್ಗದ ನೋಟ್‌ಬುಕ್ಕಿನ ಬೆಲೆಯ ಒಂದು ಭಾಗವನ್ನು ನದಿ ದಂಡೆಯ ಹಳ್ಳಿಗಳು ತಮ್ಮ ಬೋರ್‌ವೆಲ್ಲಿನ ಕಂದು ನೀರಿನಲ್ಲಿ ಕಟ್ಟಿದವು. 2003ರಲ್ಲಿ ಕೇಂದ್ರ ಸರ್ಕಾರ ಉದ್ದಿಮೆಗಳೊಂದಿಗೆ ಮಾಡಿಕೊಂಡ ಒಡಂಬಡಿಕೆ ಇಂಥ ಗಿರಣಿಗಳ ಮುಂದೆ ಎರಡೇ ದಾರಿ ಇಟ್ಟಿತು. ಸೋಡಾ ಮರಳಿ ಪಡೆಯಿರಿ, ಇಲ್ಲವೇ ಹುಲ್ಲು ಬಿಟ್ಟು ರದ್ದಿ ಕಾಗದಕ್ಕೆ ಹೋಗಿ. ಬಹಳ ಮಂದಿ ರದ್ದಿಗೆ ಹೋದರು. ಹುಲ್ಲನ್ನು ಬಿಡದೆ ಬೆಳೆದವರು ಕೆಲವರು.

ಆ ಕೆಲವರ ಪಾಡು ಸುಲಭದ್ದಲ್ಲ, ಅದಕ್ಕೆ ಕಾರಣ ಹುಲ್ಲಿನ ಮೈಯಲ್ಲೇ ಇದೆ. ಗೋಧಿ ಗಿಡ ಮಣ್ಣಿನ ನೀರಿನ ಜೊತೆ ಸಿಲಿಕಾವನ್ನೂ ಹೀರಿ ಕಾಂಡದ ಹೊರಪದರದಲ್ಲಿ ಹೊದಿಸಿಕೊಳ್ಳುತ್ತದೆ. ಕೀಟದ ಹಲ್ಲಿಗೆ ಅದು ಒರಟು, ಕಾಂಡಕ್ಕೆ ಬಲ. ಹುಲ್ಲಿನ ಅಂಚಿನಲ್ಲಿ ಬೆರಳು ಎಳೆದರೆ ಕೊಯ್ಯುವುದು ಅದೇ. ಬೇಯುವಾಗ ಸೋಡಾಕ್ಕೆ ಸಿಕ್ಕಿ ಇದೂ ಕರಗಿ ಕಪ್ಪು ನೀರು ಸೇರುತ್ತದೆ. ಪೈನ್ ಮರದಲ್ಲಿ ಇದು ಲೆಕ್ಕಕ್ಕಿಲ್ಲದಷ್ಟು. ಬಿದಿರಿನಲ್ಲಿ ಇದೆ, ನಮ್ಮವರು ಅದರೊಂದಿಗೆ ಗುದ್ದಾಡಿದ್ದಾರೆ. ಗೋಧಿ ಹುಲ್ಲಿನಲ್ಲಿ ನೂರಕ್ಕೆ ಮೂರರಿಂದ ಏಳು ಪಾಲಿನವರೆಗೂ ಉಂಟು.

ತೊಳೆದು ಬಂದ ಕಪ್ಪು ನೀರಿನಲ್ಲಿ ಘನಾಂಶ ನೂರಕ್ಕೆ ಎಂಟೋ ಹತ್ತೋ. ಉರಿಯಬೇಕಾದರೆ ಅದು ಐವತ್ತರ ಸುತ್ತಮುತ್ತ ಬರಬೇಕು. ಅದಕ್ಕಾಗಿ ಒಂದರ ಪಕ್ಕ ಒಂದು ನಿಂತ ಉದ್ದನೆಯ ಉಕ್ಕಿನ ಸಿಲಿಂಡರುಗಳು, ಒಂದರ ಹಬೆಯಲ್ಲಿ ಮತ್ತೊಂದು ಕುದಿಯುವ ಏರ್ಪಾಡು. ಒಳಗೆ ಸಾವಿರಾರು ಕೊಳವೆ. ನೀರು ಆರಿದಂತೆಲ್ಲ ದ್ರವ ಅಂಟಾಗುತ್ತದೆ, ಸಿಲಿಕಾ ಕೊಳವೆಯ ಒಳಮೈಗೆ ಹಿಡಿಯುತ್ತದೆ. ಭದ್ರಾವತಿಯವರು ತಮ್ಮ ಮೇಜಿನ ಖಾನೆಯಿಂದ ಒಂದು ಚಕ್ಕೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕಂದು ಬಣ್ಣ, ಮುರಿದ ಅಂಚು ಗಾಜಿನಂತೆ ಹರಿತ.

“ಉಗುರಿನಲ್ಲಿ ಕೆರೀರಿ ನೋಡೋಣ,” ಅಂದರು. ಗೀರು ಕೂಡ ಬೀಳಲಿಲ್ಲ. “ಆಸಿಡ್ಡಿಗೂ ಪೂರ್ತಿ ಬಗ್ಗಲ್ಲ ಇದು. ನೀರಿನ ಬಾಣ ಹೊಡೆದು ಒಡೀಬೇಕು.”

ಗಟ್ಟಿಯಾದ ಕಪ್ಪು ದ್ರವವನ್ನು ಬಾಯ್ಲರಿನೊಳಗೆ ಚಿಮುಕಿಸುತ್ತಾರೆ. ನೋಡುಕಿಂಡಿಯಲ್ಲಿ ಬಣ್ಣದ ಗಾಜು ಹಿಡಿದು ಇಣುಕಿದೆ. ಹನಿಗಳು ಬೀಳುತ್ತಲೇ ಒಣಗಿ, ಹೊತ್ತಿಕೊಂಡು, ತಳದ ಕೆಂಡದ ದಿಬ್ಬಕ್ಕೆ ಸೇರುತ್ತವೆ. ಅದೇ ಹುಲ್ಲಿನ ಲಿಗ್ನಿನ್ನು, ಅದೇ ಹುಲ್ಲಿನ ಸಕ್ಕರೆ, ಈಗ ಬೆಂಕಿಯಾಗಿ ಹಬೆ ಕೊಡುತ್ತಿವೆ. ಆ ಹಬೆಯಿಂದಲೇ ಗಿರಣಿಯ ಕರೆಂಟಿನ ಒಂದು ಪಾಲು. ದಿಬ್ಬದ ಬುಡದಲ್ಲಿ ಕರಗಿದ ಸೋಡಾ, 800 ಡಿಗ್ರಿಗೂ ಮೀರಿದ ಕಾವಿನಲ್ಲಿ, ಕೆಂಪು ತೊರೆಯಾಗಿ ತೂಬಿನಿಂದ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ನೀರಿಗೆ ಬಿದ್ದಾಗ ಗುಡುಗಿನ ಸದ್ದು, ನೆಲ ನಡುಗುತ್ತದೆ. ಈ ಲೋಹದಂಥ ದ್ರವಕ್ಕೂ ನೀರಿಗೂ ಅಳತೆ ತಪ್ಪಿ ಭೇಟಿಯಾದರೆ ಬಾಯ್ಲರೇ ಸಿಡಿಯುತ್ತದೆ. ತೂಬಿನ ಬಳಿ ಉದ್ದ ಸರಳು ಹಿಡಿದು ಗಟ್ಟಿ ಒಡೆಯುತ್ತ ನಿಂತ ಸರ್ದಾರ್‌ಜಿ, ಬೆವರಿನಲ್ಲಿ ಅಂಗಿ ಬೆನ್ನಿಗಂಟಿದ್ದರೂ, ನಾನು ಹತ್ತಿರ ಹೋಗದಂತೆ ಸರಳನ್ನೇ ಅಡ್ಡ ಹಿಡಿದರು.

ತೊಟ್ಟಿಯ ನೀರಿಗೆ ರಾಜಸ್ಥಾನದ ಸುಣ್ಣ ಬೆರೆಸಿದರೆ ಕಾಸ್ಟಿಕ್ ಸೋಡಾ ಮತ್ತೆ ಹುಟ್ಟುತ್ತದೆ. ಡೈಜೆಸ್ಟರಿಗೆ ವಾಪಸು. ತಳದಲ್ಲಿ ಕೂರುವುದು ಸುಣ್ಣದ ಕೆಸರು. ಮರದ ಗಿರಣಿಯಲ್ಲಿ ಇದನ್ನು ಸುಟ್ಟು ಮತ್ತೆ ಸುಣ್ಣ ಮಾಡಿಕೊಳ್ಳುತ್ತಾರೆ, ಸುತ್ತು ಪೂರ್ತಿಯಾಗುತ್ತದೆ. ಇಲ್ಲಿ ಸಿಲಿಕಾ ಬಿಡಬೇಕಲ್ಲ. ಪ್ರತಿ ಸುತ್ತಿಗೂ ಅದು ಕೆಸರಿನಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ಹೀಗಾಗಿ ಗಿರಣಿಯ ಹಿಂದೆ ಬೂದುಬಿಳಿ ಗುಡ್ಡವೊಂದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಕೆಲವಷ್ಟನ್ನು ಸಿಮೆಂಟಿನವರು ಒಯ್ಯುತ್ತಾರೆ, ಉಳಿದದ್ದು ತಗ್ಗು ತುಂಬುತ್ತದೆ. ಕಪ್ಪು ನೀರಿಗೆ ಹೊಗೆಕೊಳವೆಯ ಇಂಗಾಲದ ಡೈಆಕ್ಸೈಡ್ ಹಾಯಿಸಿ ಅದರ ಕ್ಷಾರವನ್ನು ಅಷ್ಟಿಷ್ಟು ಇಳಿಸಿದರೆ, ಲಿಗ್ನಿನ್ನಿಗೆ ಮೊದಲೇ ಸಿಲಿಕಾ ಬೇರೆಯಾಗಿ ಕೂರುತ್ತದೆ. ವಿಜ್ಞಾನ ಸರಳ, ದಿನನಿತ್ಯ ನಡೆಸುವುದು ಕಷ್ಟ. ಒಂದು ಕೂದಲೆಳೆ ಹೆಚ್ಚು ಇಳಿಸಿದರೆ ಲಿಗ್ನಿನ್ನೂ ಜೊತೆಗೆ ಬಿದ್ದು ಇಡೀ ತೊಟ್ಟಿ ಜಿಗುಟು. ಚೀನಾದ ಶಾನ್‌ಡಾಂಗಿನ ಟ್ರಾಲಿನ್ ಕಂಪನಿ ಬೇರೆ ದಾರಿ ಹಿಡಿಯಿತು. ಸೋಡಾದ ಬದಲು ಅಮೋನಿಯಂ ಸಲ್ಫೈಟಿನಲ್ಲಿ ಗೋಧಿ ಹುಲ್ಲು ಬೇಯಿಸಿ, ಕಪ್ಪು ನೀರನ್ನು ಸುಡದೆ ಗೊಬ್ಬರ ಮಾಡಿತು. ಹೊಲದಿಂದ ಬಂದದ್ದು ಹೊಲಕ್ಕೆ ಮರಳುವ ಈ ದಾರಿ ನನಗೆ ಹೆಚ್ಚು ಹಿಡಿಸುತ್ತದೆ.

ಹುಲ್ಲನ್ನು ಬೇಯಿಸದೆಯೂ ಬಳಸಬಹುದು. ಸ್ವೀಡನ್ನಿನಲ್ಲಿ 1930ರ ದಶಕದಲ್ಲೇ ಹುಲ್ಲನ್ನು ಬಿಸಿಮಾಡಿ ಒತ್ತಿ ಗೋಡೆಯ ಹಲಗೆ ಮಾಡಿದರು, ಅಂಟು ಬೇಕಾಗಲಿಲ್ಲ. ಸ್ಟ್ರಾಮಿಟ್ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿಗೂ ಹೋಯಿತು. ಅಲ್ಲಿ ಕಪ್ಪು ನೀರಿನ ಪ್ರಶ್ನೆಯೇ ಏಳುವುದಿಲ್ಲ. ಹಲಗೆಯ ಮೇಲೆ ಬರೆಯಲಾಗದು, ಅಷ್ಟೇ.

ಗಿರಣಿಯ ಎಲ್ಲ ನೀರೂ ಬಾಯ್ಲರಿಗೆ ಹೋಗುವುದಿಲ್ಲ. ತಿರುಳನ್ನು ಬಿಳಿ ಮಾಡಿದ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಅದು ಬಾಯ್ಲರಿನ ಉಕ್ಕನ್ನು ತಿನ್ನುತ್ತದೆ. ಅದೂ, ಹುಲ್ಲು ತೊಳೆದ ನೀರೂ ಹಿತ್ತಲಿನ ಶುದ್ಧೀಕರಣ ಘಟಕಕ್ಕೆ. ಮೊದಲು ವಿಶಾಲವಾದ ದುಂಡುತೊಟ್ಟಿ. ಮೇಲೆ ಕಬ್ಬಿಣದ ತೋಳು ಗಡಿಯಾರದ ಮುಳ್ಳಿಗಿಂತ ತುಸು ಚುರುಕಾಗಿ ಸುತ್ತುತ್ತ ತಳದ ಕೆಸರನ್ನು ನಡುವಿಗೆ ಎಳೆಯುತ್ತದೆ. ಆ ಕೆಸರು ಹೆಚ್ಚಿನಂಶ ನಾರು. ರಟ್ಟು, ಮೊಟ್ಟೆಯ ತಟ್ಟೆ ಮಾಡುವವರು ಕೊಳ್ಳಲು ಬರುತ್ತಾರೆ. ಮುಂದೆ ಮುಚ್ಚಿದ ಎತ್ತರದ ತೊಟ್ಟಿ. ಹುಲ್ಲು ತೊಳೆದ ನೀರಿನ ಸಕ್ಕರೆಯಂಶವನ್ನು ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಇಲ್ಲಿ ತಿಂದು ಮೀಥೇನ್ ಕೊಡುತ್ತವೆ. ಕೆಳಗಿನಿಂದ ನೀರು ಏರುತ್ತ ಹೋಗಿ ಬ್ಯಾಕ್ಟೀರಿಯಾದ ಹರಳುಗಳ ಹಾಸನ್ನು ಹಾಯುವ ಈ ತೊಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ನೆದರ್ಲ್ಯಾಂಡ್ಸಿನ ವಾಗೆನಿಂಗನ್‌ನ ಗಾಟ್ಸೆ ಲೆಟಿಂಗಾ. ನೊರೆಗಾಲುವೆಗಳ ದೇಶದಿಂದಲೇ ಈ ಮದ್ದೂ ಬಂತು. ಆಮೇಲೆ ಗಾಳಿ ಊದುವ ಕೊಳಗಳು, ಇಲ್ಲಿ ಕೆಲಸ ಗಾಳಿ ಬೇಕಾದ ಬ್ಯಾಕ್ಟೀರಿಯಾದ್ದು. ಪ್ರಯೋಗಾಲಯದ ಹುಡುಗಿ ಗಾಜಿನ ಅಳತೆಪಾತ್ರೆಯಲ್ಲಿ ಕೆಸರುನೀರು ಹಿಡಿದು, ಅರ್ಧ ಗಂಟೆಯಲ್ಲಿ ಎಷ್ಟು ಕೂರುತ್ತದೆಂದು ಕಾಯುತ್ತಿದ್ದಳು.

ಇಷ್ಟೆಲ್ಲ ಆದ ಮೇಲೂ ಹೊರಬರುವ ನೀರಿಗೆ ಕಡಕ್ ಚಹಾದ ಮೇಲೆ ನೀರು ಹೊಯ್ದಂಥ ಬಣ್ಣ. ಲಿಗ್ನಿನ್ನಿನ ಕೊನೆಯ ಪಾಲನ್ನು ಯಾವ ಬ್ಯಾಕ್ಟೀರಿಯಾವೂ ಸುಲಭಕ್ಕೆ ಮುಟ್ಟುವುದಿಲ್ಲ. ಈ ನೀರನ್ನು ಬದುವಿನ ಮೇಲೆ ನೆಟ್ಟ ನೀಲಗಿರಿ ತೋಪಿನ ಸಾಲುಗಳಿಗೆ ಹರಿಸುತ್ತಾರೆ. ನಮ್ಮ ಕಡೆ ನೀರು ಕುಡಿಯುತ್ತದೆಂದು ಬೈಸಿಕೊಳ್ಳುವ ಮರಕ್ಕೆ ಇಲ್ಲಿ ಆ ಗುಣಕ್ಕಾಗಿಯೇ ಕೆಲಸ ಸಿಕ್ಕಿದೆ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ನೀರನ್ನು ಮರ ಆವಿ ಮಾಡುತ್ತದೆ, ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಮಾಲ್ವಾದ ಎಷ್ಟೋ ನೆಲ ಮೊದಲೇ ಜವುಳು, ಮೊದಲೇ ಉಪ್ಪು. ತೋಪಿನ ಮಣ್ಣನ್ನೂ ಸುತ್ತಲಿನ ಬಾವಿಗಳನ್ನೂ ಪ್ರತಿ ವರ್ಷ ಪರೀಕ್ಷಿಸಿ, ಬಂದ ಅಂಕಿಗಳನ್ನು ಊರಿನ ಪಂಚಾಯಿತಿ ಗೋಡೆಯ ಮೇಲೆ ಬರೆಯಿಸಬೇಕು. ಗಿರಣಿಯವರ ಕಂಪ್ಯೂಟರಿನಲ್ಲಿದ್ದರೆ ಸಾಲದು.

ನಾನು ಹೊರಡುವ ಹೊತ್ತಿಗೆ ಪಾಳಿ ಬದಲಾಗುತ್ತಿತ್ತು. ನೀರು ಆರಿಸುವ ಮೂರನೆಯ ಸಿಲಿಂಡರಿನ ಒತ್ತಡ ಮಧ್ಯಾಹ್ನದಿಂದ ಏರುತ್ತಿದೆ, ಕೊಳವೆ ಕಟ್ಟಿಕೊಂಡಿವೆ ಎಂದು ಸುದ್ದಿ ಬಂತು. ಅದನ್ನು ಬಿಚ್ಚಿ ತೊಳೆಯುವತನಕ ಕಪ್ಪು ನೀರು ಕೂಡಿಡುವ ಟ್ಯಾಂಕು ತುಂಬುತ್ತ ಹೋಗುತ್ತದೆ.

“ಟ್ಯಾಂಕ್ ತುಂಬಿಬಿಟ್ರೆ?” ಎಂದೆ.

“ಹುಲ್ಲು ಹಾಕೋದು ನಿಲ್ಲಿಸ್ಬೇಕು. ಬೇರೆ ದಾರಿ ಇಲ್ಲ.” ಸ್ವಲ್ಪ ತಡೆದು, ಗೋಡೆಯಾಚೆಯ ಹಳೆಯ ಚರಂಡಿಯ ಕಡೆ ಗಲ್ಲ ಎತ್ತಿ ತೋರಿಸಿದರು. “ಮುಂಚೆ ಎಲ್ಲ ಗಿರಣೀಲೂ ಒಂದು ದಾರಿ ಇರ್ತಿತ್ತು ಸಾರ್. ಇಲ್ಲಿ ಅದರ ಬಾಯಿಗೆ ಕಾಂಕ್ರೀಟ್ ಹಾಕ್ಸಿದ್ದೀವಿ.”

ಹೇಳುತ್ತಲೇ ಫೋನ್ ತೆಗೆದು ಡೈಜೆಸ್ಟರಿನವರಿಗೆ ಪಂಜಾಬಿ ಬೆರೆತ ಹಿಂದಿಯಲ್ಲಿ ಎರಡು ಮಾತು ಹೇಳಿದರು. ಹುಲ್ಲು ಅರ್ಧಕ್ಕಿಳಿಸಿ, ಬೆಳಗಿನವರೆಗೆ ಹಾಗೇ ಇರಲಿ. ಅತ್ತಲಿಂದ ಯಾರೋ ಉತ್ಪಾದನೆಯ ಲೆಕ್ಕ ತೆಗೆದರು, ದನಿ ಏರಿತು. ಇವರು ಉತ್ತರ ಕೊಡದೆ ಫೋನ್ ಜೇಬಿಗೆ ಹಾಕಿ, ನೀರಿನ ಬಾಣದ ಪಂಪು ತಳ್ಳಿಕೊಂಡು ಬಂದ ಹುಡುಗರೊಂದಿಗೆ ಕಬ್ಬಿಣದ ಮೆಟ್ಟಿಲು ಹತ್ತಿದರು.